ತುಂಗೆಯ ಮರಿ, ಗಂಗೆಯ ಕಾವಲು

೧೯೬೧ರಲ್ಲಿ ನಾನು ಯಲ್ಲಾಪುರದಲ್ಲಿ ಪಶುವೈದ್ಯನಾಗಿದ್ದೆ. ದನ, ಎಮ್ಮೆಗಳ ಚಿಕಿತ್ಸೆ ನಿತ್ಯದ ಕೆಲಸ. ಇಡಗುಂದಿಯಾಚೆಯ ಕಾಡಿನಲ್ಲಿ ಮರದ ದಿಮ್ಮಿ ಎಳೆಯುವ ಆನೆಗಳ ಕ್ಯಾಂಪ್ ಇತ್ತು. ಅಲ್ಲಿಂದ ಕರೆ ಬಂದರೆ ಮಾತ್ರ ಅಳುಕುತ್ತಿದ್ದೆ. ಕಾಲೇಜಿನಲ್ಲಿ ಆನೆಯ ಬಗ್ಗೆ ನಾವು ಓದಿದ್ದು ಅಷ್ಟಕ್ಕಷ್ಟೇ.

ಕ್ಯಾಂಪಿನಲ್ಲಿದ್ದವು ಎರಡು ಹೆಣ್ಣಾನೆಗಳು. ಹಿರಿಯದು ಗಂಗೆ, ಕಿರಿಯದು ತುಂಗೆ. ಒಂದೇ ಹಿಂಡಿನಿಂದ ಹಿಡಿದು ತಂದವು. ಗಂಗೆಯ ಮಾವುತ ಇಮಾಮ್‌ಸಾಬ, ತುಂಗೆಯ ಮಾವುತ ಅವನ ತಮ್ಮ ಕಾಸಿಂ. ತಂದೆ ತೀರಿಕೊಂಡ ಮೇಲೆ ತಮ್ಮನನ್ನು ಬೆಳೆಸಿ, ಗಂಗೆಯ ಮೇಲೆಯೇ ಕೂರಿಸಿ ಕೆಲಸ ಕಲಿಸಿದವನು ಇಮಾಮ್‌ಸಾಬ. ಆನೆಯ ವಿಷಯ ಏನೇ ಇರಲಿ, ಎಲ್ಲರೂ ಕೇಳುತ್ತಿದ್ದುದು ಅಣ್ಣನನ್ನೇ. ತುಂಗೆ ಗಬ್ಬವಾದ ಮೇಲಷ್ಟೇ ಜನ ಕಾಸಿಂನತ್ತ ತಿರುಗಿದರು. ರೇಂಜರ್ ಬಂದರೂ ಮೊದಲು ಹೋಗುತ್ತಿದ್ದುದು ತುಂಗೆಯ ಬಳಿಗೆ. ಆ ದಿನಗಳಲ್ಲಿ ಕಾಸಿಂ ಎದೆ ಸೆಟೆಸಿ ನಡೆಯುತ್ತಿದ್ದ.

ಚಳಿಗಾಲದ ಒಂದು ಬೆಳಿಗ್ಗೆ ತುಂಗೆ ಮರಿ ಹಾಕಿತು. ನಾನು ತಲುಪುವಷ್ಟರಲ್ಲಿ ಗದ್ದಲವೆದ್ದಿತ್ತು. ಚೊಚ್ಚಲ ಹೆರಿಗೆ, ತುಂಗೆ ತನ್ನ ಮರಿಗೇ ಬೆದರಿ ಅದನ್ನು ಒದೆಯುತ್ತಿತ್ತು. ಹತ್ತಿರ ಹೋಗುವ ಧೈರ್ಯ ಕಾಸಿಂಗೂ ಇರಲಿಲ್ಲ. ಇಮಾಮ್‌ಸಾಬ ಗಂಗೆಯ ಸರಪಳಿ ಬಿಚ್ಚಿದ. ಗಂಗೆ ನೇರವಾಗಿ ಹೋಗಿ ತಾಯಿ ಮರಿಗಳ ನಡುವೆ ನಿಂತು, ಸೊಂಡಿಲಿನಿಂದ ಮರಿಯನ್ನು ಎತ್ತಿ ನಿಲ್ಲಿಸಿತು. ಆಮೇಲೆ ತುಂಗೆಯ ಪಕ್ಕೆಗೆ ಪಕ್ಕೆ ಒತ್ತಿ, ಅದರ ಬಾಯಿಗೆ ಸೊಂಡಿಲು ತಾಗಿಸಿ ಸಮಾಧಾನ ಮಾಡಿತು. ಮಧ್ಯಾಹ್ನದ ಹೊತ್ತಿಗೆ ಮರಿ ತಾಯಿಯ ಮುಂಗಾಲುಗಳ ನಡುವೆ ಮೊಲೆ ಹುಡುಕಿ ಹಾಲು ಕುಡಿಯಿತು.

ನೋಡಲು ಬಂದವರೆಲ್ಲ ಗಂಗೆಯನ್ನೇ ಹೊಗಳಿದರು. "ದೊಡ್ಡಾನೆನೇ ತಾಯಿ ಹಾಂಗೆ ಕಾಣ್ತು ನೋಡು" ಎಂದಳು ಇಡಗುಂದಿಯ ಹೆಂಗಸೊಬ್ಬಳು. ಕಾಸಿಂನ ಮುಖ ಕಪ್ಪಿಟ್ಟಿತು.

ಮರುದಿನ ಹೋದರೆ ಗಂಗೆ ಅಲ್ಲಿರಲಿಲ್ಲ. ಕಾಸಿಂ ಹಟ ಹಿಡಿದು ಅದನ್ನು ಹಳ್ಳದಾಚೆ ಕಟ್ಟಿಸಿದ್ದ. ತುಂಗೆ ಮತ್ತೆ ಕೆರಳಿ ಮರಿಯನ್ನು ಹತ್ತಿರ ಬಿಡುತ್ತಿರಲಿಲ್ಲ. ಮರಿಯ ಬಾಯಿಗೆ ಬೆರಳಿಟ್ಟೆ. ಚೀಪುವ ಕಸುವೂ ಇರಲಿಲ್ಲ.

"ಗಂಗೆ ಬರದಿದ್ದರೆ ಇದು ಉಳಿಯುವುದಿಲ್ಲ" ಎಂದೆ.

ಕಾಸಿಂ ಸಿಡಿದ. "ಹುಟ್ಟಿದಾಗಿಂದ ಇದೇ ಆಯ್ತು ಸಾಹೇಬ್ರೆ. ಕೆಲ್ಸ ಭಾಯ್ ಕಲ್ಸಿದ್ದು, ಮದ್ವೆ ಭಾಯ್ ಮಾಡ್ಸಿದ್ದು. ಈಗ ನನ್ನಾನೆ ಮರೀನೂ ಭಾಯ್ ಆನೇನೇ ಸಾಕ್ಬೇಕಾ?"

ಹಿಂದೆ ನಿಂತಿದ್ದ ಇಮಾಮ್‌ಸಾಬನಿಗೆ ಅಷ್ಟೂ ಕೇಳಿಸಿತ್ತು. ಅವನು ಮುಂದೆ ಬಂದು ತನ್ನ ಅಂಕುಶವನ್ನು ತಮ್ಮನ ಕೈಗಿಟ್ಟ. "ಗಂಗೆನೂ ನೀನೇ ಹತ್ತು. ಎರಡನ್ನೂ ನೀನೇ ನೋಡ್ಕೋ. ನಾನು ಸೊಪ್ಪು ಕಡ್ದು ತರ್ತೆ."

ಕಾಸಿಂ ತಬ್ಬಿಬ್ಬಾದ. "ನನ್ ಮಾತು ಕೇಳ್ತದಾ ಅದು?"

"ನಾನು ಎದುರಿಗಿಲ್ದೆ ಇದ್ರೆ ಕೇಳ್ತದೆ" ಎಂದವನೇ ಇಮಾಮ್‌ಸಾಬ ಕಾಡಿನತ್ತ ನಡೆದುಬಿಟ್ಟ.

ಕಾಸಿಂ ಹಳ್ಳ ದಾಟಿ ಗಂಗೆಯನ್ನು ತಂದ. ನಾವು ಸೀಸೆಯಲ್ಲಿ ಹನಿಸಿದ ಸಕ್ಕರೆ ನೀರಿನಿಂದ ಚೇತರಿಸಿಕೊಂಡಿದ್ದ ಮರಿ, ಸಂಜೆಗೆ ಗಂಗೆಯ ಆಸರೆಯಲ್ಲಿ ನಿಂತು ತುಂಗೆಯ ಹಾಲು ಕುಡಿಯಿತು.

ಹೆಣ್ಣಾನೆಗಳ ಹಿಂಡಿನಲ್ಲಿ ಚಿಕ್ಕಮ್ಮ ದೊಡ್ಡಮ್ಮಂದಿರು ಮರಿ ಕಾಯುವುದು ವಾಡಿಕೆಯೆಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಮರಿಯ ಮೈಯಲ್ಲಿರುವುದು ತಮ್ಮದೇ ರಕ್ತ. ಕಾಯುವವರು ಹೆಚ್ಚಿದ್ದಷ್ಟೂ ಉಳಿಯುವ ಮರಿಗಳು ಹೆಚ್ಚು. ಉಳಿದ ಮರಿಗಳ ಮೂಲಕ ಕಾಯುವ ಗುಣವೂ ಪೀಳಿಗೆಯಿಂದ ಪೀಳಿಗೆಗೆ ಇಳಿದು ಬರುತ್ತದೆ. ಗಂಗೆಯ ನಡತೆಗೆ ಆ ವಿವರಣೆ ಸಾಕಾಯಿತು. ಇಮಾಮ್‌ಸಾಬನ ನಡತೆಗೆ ಸಾಲಲಿಲ್ಲ.

ಮರಿ ಹುಟ್ಟಿದ ಕೆಲವು ವಾರಗಳ ನಂತರ ಕ್ಯಾಂಪಿಗೆ ಹೋದಾಗ ಅವನು ಆಲದ ಕೊಂಬೆ ಕಡಿಯುತ್ತಿದ್ದ. ಕಾಸಿಂನನ್ನು ಹೊತ್ತ ಗಂಗೆ, ಹಿಂದೆ ತುಂಗೆ ಮತ್ತು ಮರಿ, ಹಳ್ಳಕ್ಕೆ ಇಳಿದವು. ಗಂಗೆ ಇಮಾಮ್‌ಸಾಬನತ್ತ ತಿರುಗಲೇ ಇಲ್ಲ.

"ನಾನು ಕರೆದ್ರೆ ಎರಡ್ ಸಲ ಯೋಚ್ನೆ ಮಾಡ್ತಿತ್ತು" ಎಂದ ಇಮಾಮ್‌ಸಾಬ. "ಅವಂಗೆ ನೋಡ್ರಿ, ಒಂದೇ ಮಾತಿಗೆ ಹೋಗ್ತದೆ." ಹಾಗೆಂದವನೇ ಕೊಂಬೆಗೆ ಬೇಕಿದ್ದಕ್ಕಿಂತ ಜೋರಾಗಿ ಕತ್ತಿ ಬೀಸಿದ.

"ಗಂಗೆಯನ್ನು ನಿನಗೇ ವಾಪಸು ಕೊಡಿಸಲು ರೇಂಜರಿಗೆ ಹೇಳಲೇ?" ಎಂದೆ.

"ಬ್ಯಾಡ. ಮರಿ ಗಟ್ಟಿಯಾಗ್ಲಿ."

ಮತ್ಸರ ಸತ್ತ ಮೇಲೆಯೇ ಒಬ್ಬ ಇನ್ನೊಬ್ಬನಿಗೆ ಒದಗಿಬರುತ್ತಾನೆ ಎಂದು ಅಲ್ಲಿಯವರೆಗೆ ನಂಬಿದ್ದೆ. ಇಮಾಮ್‌ಸಾಬನ ಮತ್ಸರ ಸತ್ತಿರಲಿಲ್ಲ. ಅದನ್ನು ಎದೆಯಲ್ಲಿಟ್ಟುಕೊಂಡೇ ಅವನು ಸೊಪ್ಪಿನ ಹೊರೆ ಹೆಗಲಿಗೇರಿಸಿ, ತಮ್ಮ ಹೋದ ದಾರಿಯಲ್ಲೇ ಇಳಿದು ಹೋದ.