ಹಲ್ಲಿಗೆ ಸಿಕ್ಕ ಮರಳು

ಕಡಲ ತಳದ ಕಣಿವೆಗಳಿಂದ ಹಡಗು ತಂದ ಕೆಸರು ತುಂಬಿದ ಕೊಳವೆಗಳನ್ನು ಇಪ್ಪತ್ತಾರು ವರ್ಷದಿಂದ ಉದ್ದಕ್ಕೆ ಸೀಳುತ್ತಿದ್ದ ಅವಳಿಗೆ ಪ್ರಯೋಗಾಲಯದಲ್ಲಿ ‘ಮಣ್ಣುತಿನ್ನಿ’ ಎಂದೇ ಹೆಸರು. ಚಿಟಿಕೆ ಕೆಸರನ್ನು ಹಲ್ಲಿಗೆ ಇಟ್ಟು ನೋಡುವಳು. ನುಣ್ಣಗಿದ್ದರೆ ಜೇಡಿಮಣ್ಣು, ಕರಕರ ಎಂದರೆ ಮರಳು. ‘ನಮ್ಮಮ್ಮನ ಹಲ್ಲೇ ಸೂಕ್ಷ್ಮದರ್ಶಕ’ ಎಂದು ಮಗಳು ನಗುತ್ತಿದ್ದಳು. ‘ಮಣ್ಣುತಿನ್ನಿ’ ಎಂದು ಅಡ್ಡಹೆಸರಿಟ್ಟವನು ಪ್ರಯೋಗಾಲಯದ ಹಿರಿಯ ವಿಜ್ಞಾನಿ, ಅವಳ ಸಾಹೇಬ. ಅವನನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು.

ಆ ದಿನ ಸೀಳಿದ ಕೊಳವೆಯಲ್ಲಿ ಮರಳು ಮೇಲಿತ್ತು, ಜೇಡಿಮಣ್ಣು ಕೆಳಗಿತ್ತು. ಕಣಿವೆಯೊಳಗೆ ನುಗ್ಗಿದ ಪ್ರವಾಹ ಸೋಲತೊಡಗಿದಾಗ ಮೊದಲು ದಪ್ಪ ಮರಳನ್ನು ಕೆಡವುತ್ತದೆ. ನುಣ್ಣನೆಯದು ಆಮೇಲೆ ಅದರ ಮೇಲೆ ಕೂರುತ್ತದೆ. ಹಡಗಿನಲ್ಲಿ ಈ ಕೊಳವೆಗೆ ಮುಚ್ಚಳ ಹಾಕಿ ‘ಮೇಲ್ತುದಿ’ ಎಂದು ಬರೆದವನು ಸಾಹೇಬನೇ.

“ಸಾರ್, ಇದು ತಲೆಕೆಳಗಾಗಿದೆ. ಹುಳದ ಬಿಲಗಳ ಬಾಯೂ ಕೆಳಗಿದೆ ನೋಡಿ.”

“ಪ್ರವಾಹ ಬರ್ತಾ ಬರ್ತಾ ಜೋರಾಗಿದೆ, ಅಷ್ಟೇ. ಅದೇ ನನ್ನ ಸಂಶೋಧನೆ. ನೀನು ಬಾಯಿ ಮುಚ್ಕೊಂಡು ಸೀಳು.”

ವಾರದ ನಂತರ, ಹೊರಗಿನ ತಜ್ಞರ ಎದುರು ಸಾಹೇಬ ಅದೇ ಕೊಳವೆಯನ್ನು ಮುಂದಿಟ್ಟುಕೊಂಡು ಕೊಚ್ಚಿಕೊಂಡ. ಮುಂದಿನ ಸಾಲಿನಲ್ಲಿದ್ದ ವಯಸ್ಸಾದ ತಜ್ಞೆ ಎದ್ದು ಬಂದು ಬಿಲಗಳನ್ನು ದಿಟ್ಟಿಸಿದರು, ಎರಡೂ ತುದಿಯಿಂದ ಚಿಟಿಕೆ ತೆಗೆದು ಹಲ್ಲಿಗಿಟ್ಟರು.

“ಇದು ತಲೆಕೆಳಗಾಗಿದೆಯಲ್ರೀ!”

ಸಾಹೇಬ ಬೆವರೊರೆಸಿಕೊಂಡು ಬಾಗಿಲ ಬಳಿ ನಿಂತಿದ್ದವಳತ್ತ ಬೆರಳು ತೋರಿಸಿದ. “ಸೀಳಿದ್ದು ಅವಳು. ಹೇಳ್ಬೇಕಿತ್ತು.”

“ಬಾಯಿ ಮುಚ್ಕೊಂಡು ಸೀಳು ಅಂದ್ರಿ, ಸೀಳಿದೆ,” ಎಂದಳು ಅವಳು. “ಮುಚ್ಚಳ ಹಾಕಿದೋರು ಈಗ ಬಾಯಿ ಬಿಡ್ಲಿ.”