ನಿಘಂಟಿನ ಬೆನ್ನಲ್ಲಿ ಸಿಕ್ಕ ಕಾಗದ

ಟೈಪಿಂಗ್ ಶಾಲೆಯ ಕೆಳಗಿನ ಉದ್ದನೆಯ ಕೋಣೆಯಲ್ಲಿ ಪುಸ್ತಕ ಬೈಂಡ್ ಮಾಡುವವನಿಗೆ ಹೆತ್ತವರಿಟ್ಟ ಹೆಸರು ಬೇರೆ ಇದೆ. ಯಾರಾದರೂ ಅದನ್ನು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುವುದಿಲ್ಲ. ಊರಿಗೆಲ್ಲ ಅವನು ಅಂಟಣ್ಣ. ಬೆಳಿಗ್ಗೆ ಬಂದವನೇ ಮೈದಾ ಕಲಸಿ ಅಂಟು ಕುದಿಸಲು ಇಡುತ್ತಾನೆ, ಸಂಜೆ ಮನೆಗೆ ಹೋಗಿ ಬೆರಳುಗಳ ಸಂದಿಯಲ್ಲಿ ಒಣಗಿದ ಅಂಟು ಉಜ್ಜುತ್ತಾನೆ. ಈ ನಡುವೆ ಅವನ ಕೈಗೆ ಸಿಕ್ಕ ಯಾವ ಕಾಗದವೂ ಕಸದ ಬುಟ್ಟಿ ಕಂಡದ್ದಿಲ್ಲ. ಹಳೆಯ ಕ್ಯಾಲೆಂಡರು, ಮದುವೆಯ ಕರೆಯೋಲೆ, ಚಪ್ಪಲಿ ಡಬ್ಬದ ರಟ್ಟು ಎಲ್ಲವೂ ಯಾವುದೋ ಪುಸ್ತಕದ ಬೆನ್ನಿನೊಳಗೆ ಸೇರಿ ಸದ್ಗತಿ ಪಡೆಯುತ್ತವೆ. ಬೆನ್ನಿಗೆ ಒಳಗಿನಿಂದ ಗಟ್ಟಿ ಕಾಗದದ ಆಸರೆ ಇಲ್ಲದಿದ್ದರೆ ಪುಸ್ತಕ ಎರಡೇ ವರ್ಷಕ್ಕೆ ಸೊಂಟ ಮುರಿದುಕೊಳ್ಳುತ್ತದೆ ಎನ್ನುವುದು ಅವನ ಶಾಸ್ತ್ರ.

ಕೋಣೆಯ ನಟ್ಟನಡುವೆ ಕಾಗದ ಕತ್ತರಿಸುವ ಯಂತ್ರ ನಿಂತಿದೆ. ದೊಡ್ಡ ಚಕ್ರ ತಿರುಗಿಸಿದರೆ ನಾಲ್ಕು ಬೆರಳು ದಪ್ಪದ ಕಟ್ಟು ಒಂದೇ ಏಟಿಗೆ ಬೆಣ್ಣೆಯಂತೆ ತುಂಡಾಗಿ ಬೀಳುತ್ತದೆ. ಇಪ್ಪತ್ತು ವರ್ಷ ಕೈಚಾಕು ಹಿಡಿದು ಅಂಗೈಯಲ್ಲಿ ಗಂಟು ಬರಿಸಿಕೊಂಡ ಮೇಲೆ ಸಹಕಾರ ಸಂಘದಲ್ಲಿ ಸಾಲ ಮಾಡಿ ತಂದದ್ದು. ತಿಂಗಳಿಗೆ ಎರಡು ಸಾವಿರದ ಕಂತು. ಒಂದು ವರ್ಷ ತಪ್ಪದೆ ಕಟ್ಟಿದ. ಆಮೇಲೆ ಒಂದು ದಿನ ಅಟ್ಟದ ಮೇಲಿನ ರಟ್ಟು ಇಳಿಸಲು ಸ್ಟೂಲು ಹತ್ತಿ, ರಟ್ಟಿನ ಜೊತೆಗೆ ತಾನೂ ಇಳಿದ. ಬಲಗೈ ಮಣಿಕಟ್ಟು ಮುರಿಯಿತು. ಎರಡು ತಿಂಗಳು ಪ್ಲಾಸ್ಟರು, ಆಮೇಲೆ ಒಂದು ತಿಂಗಳು ಅರೆಬರೆ ಕೆಲಸ. ಮೂರು ಕಂತು ನಿಂತೇ ಹೋದವು.

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಡತಿ ಕೇಳಿದಾಗೆಲ್ಲ "ಸಂಘದ ಕಡೆ ಎಲ್ಲಾ ಸರಿಯಾಗಿದೆ ಕಣೇ" ಎಂದುಬಿಟ್ಟಿದ್ದ. ಹಾಗೆ ಹೇಳಿದ ಮಾರನೆಯ ವಾರವೇ ಸಂಘದಿಂದ ಕಂದು ಬಣ್ಣದ ದಪ್ಪ ಲಕೋಟೆ ಬಂತು. ಅದರ ಮೂಲೆಯಲ್ಲಿದ್ದ ಸಂಘದ ಮುದ್ರೆ ಕಂಡೊಡನೆ ಅಂಟಣ್ಣ ಅದನ್ನು ಬೋರಲು ಹಾಕಿದ. ಯಂತ್ರ ಎತ್ತಿಕೊಂಡು ಹೋಗುತ್ತೇವೆ ಎಂದು ಬರೆದಿರುತ್ತಾರೆ, ಇನ್ನೇನು ಬರೆಯುತ್ತಾರೆ? ಲಕೋಟೆಯನ್ನು ಅಂಟಿನ ಡಬ್ಬಿಯ ಕೆಳಗಿಟ್ಟ. ಅದು ಅಲ್ಲಿಂದಲೇ ಅವನನ್ನು ನೋಡುತ್ತಿತ್ತು. ರಟ್ಟಿನ ರಾಶಿಯ ಹಿಂದೆ ತಳ್ಳಿದ. ಅಲ್ಲಿಂದಲೂ ನೋಡಿತು. ಮೂರನೆಯ ದಿನ ಲೈಬ್ರರಿಯ ದೊಡ್ಡ ನಿಘಂಟಿಗೆ ಬೆನ್ನು ಕಟ್ಟುತ್ತಿದ್ದಾಗ ಕೈ ತಾನಾಗಿ ಹೋಗಿ ಲಕೋಟೆಯನ್ನು ತೆಗೆದು, ಅಂಟು ಬಳಿದು, ಬೆನ್ನಿನೊಳಗೆ ಕೂರಿಸಿಬಿಟ್ಟಿತು. ಮೇಲೆ ಬಟ್ಟೆ ಎಳೆದು ಒತ್ತಿದ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುವಂತೆ ಅವತ್ತು ಎರಡು ತುತ್ತು ಹೆಚ್ಚಿಗೆ ಉಂಡ.

ಎರಡನೆಯ ಲಕೋಟೆ ಶಾಲೆಯ ಹಾಜರಿ ಪುಸ್ತಕದೊಳಗೆ ಹೋಯಿತು. ಮೂರನೆಯದರ ಕಥೆಯನ್ನು ಹೇಗೆ ಹೇಳುವುದೋ! ಅದು ಬಂದ ದಿನ ಮೇಜಿನ ಮೇಲಿದ್ದದ್ದು ಸಂಘದ್ದೇ ನಡಾವಳಿ ಪುಸ್ತಕ. ವರ್ಷಕ್ಕೊಮ್ಮೆ ಅವರ ಪುಸ್ತಕಗಳಿಗೆ ರಟ್ಟು ಕಟ್ಟುವವನೂ ಇವನೇ. ಗಾಬರಿ ಬಿದ್ದವನಿಗೆ ಹಗಲಲ್ಲೂ ಕಣ್ಣು ಕಾಣುವುದಿಲ್ಲ ನೋಡಿ, ಸಂಘ ಕಳಿಸಿದ ಕಾಗದವನ್ನು ಸಂಘದ ಪುಸ್ತಕದೊಳಗೇ ಅಂಟಿಸಿ ಸಂಘಕ್ಕೇ ಕಳಿಸಿಕೊಟ್ಟ.

ಕಣ್ಣಿಂದ ಮರೆಯಾದದ್ದು ಹೊಟ್ಟೆಯೊಳಗೆ ಬೆಳೆಯತೊಡಗಿತು. ತೆರೆಯದ ಕಾಗದದಲ್ಲಿ ಎಷ್ಟು ಬೇಕಾದರೂ ಬರೆಯಬಹುದು. ಬಡ್ಡಿ, ಬಡ್ಡಿಗೆ ಬಡ್ಡಿ, ದಂಡ, ಅದರ ಮೇಲೊಂದು ದಂಡ ಎಂದು ಅಂಟಣ್ಣ ತನ್ನ ಮನಸ್ಸಿನಲ್ಲೇ ಬರೆದುಕೊಂಡು ಐವತ್ತು ಸಾವಿರ ದಾಟಿಸಿದ್ದ. ಯಂತ್ರಕ್ಕೆ ದಿನಾ ಎಣ್ಣೆ ಹಾಕಿ ಒರೆಸುತ್ತಿದ್ದ, ನಾಳೆ ಗಂಡನ ಮನೆಗೆ ಹೊರಡುವ ಮಗಳ ತಲೆ ಬಾಚುವ ಹಾಗೆ. ಬೀದಿಯಲ್ಲಿ ಲಾರಿ ನಿಂತ ಸದ್ದಾದರೆ ಇಣುಕಿ ನೋಡುತ್ತಿದ್ದ. ಹೆಂಡತಿ ತನ್ನ ಅಂಗಡಿಯಿಂದ ಎದೆಯುರಿಯ ಮಾತ್ರೆ ತಂದುಕೊಟ್ಟೂ ಕೊಟ್ಟೂ ಬೇಸತ್ತಿದ್ದಳು.

ಒಂದು ಮಧ್ಯಾಹ್ನ ಲೈಬ್ರರಿ ಮೇಡಂ ನಿಘಂಟನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದರು.

"ಏನ್ರೀ ಅಂಟಣ್ಣ, ನಿಮ್ಮ ಕೆಲಸ ಅಂದ್ರೆ ಕಣ್ಣು ಮುಚ್ಕೊಂಡು ತಗೋತಿದ್ದೆ. ನಿಘಂಟಿಗೆ ಗೂನು ಬಂದಿದೆಯಲ್ಲ!"

ನಿಜಕ್ಕೂ ಬೆನ್ನು ಉಬ್ಬಿ, ಬಟ್ಟೆ ಕಿತ್ತುಬಂದು, ಕಂದು ಮೂಲೆಯೊಂದು ಹೊರಗೆ ಚಾಚಿಕೊಂಡಿತ್ತು. ಅವನು ಕೈ ಅಡ್ಡ ಹಿಡಿಯುವಷ್ಟರಲ್ಲಿ ಮೇಡಂ ಅದನ್ನು ಎಳೆದೇಬಿಟ್ಟರು. ಕನ್ನಡಕ ಸರಿಮಾಡಿಕೊಂಡು ವಿಳಾಸ ಓದಿದರು.

"ಇದು ನಿಮ್ಮ ಹೆಸರಿಗೆ ಬಂದ ಕಾಗದ. ಒಡೆದೇ ಇಲ್ಲ. ಇದು ನಮ್ಮ ನಿಘಂಟಲ್ಲಿ ಏನ್ ಮಾಡ್ತಿದೆ?"

"ಅದು... ಒಳ್ಳೇ ಗಟ್ಟಿ ಕಾಗದ ಮೇಡಂ" ಎಂದ ಅಂಟಣ್ಣ, ಇಂಗು ತಿಂದ ಮಂಗನ ಮುಖ ಮಾಡಿ.

ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ಹೆಂಡತಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಮೇಡಂ ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡಿ, "ನಿಘಂಟು ಇಲ್ಲೇ ಇರಲಿ, ಆಮೇಲೆ ಬರ್ತೀನಿ" ಎಂದು ಜಾಗ ಖಾಲಿ ಮಾಡಿದರು.

ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. "ಇಂಥವು ಎಷ್ಟಿವೆ?"

"ಮೂರು."

"ಉಳಿದೆರಡು ಎಲ್ಲಿ?"

ಅವನು ಹೇಳಿದ. ಶಾಲೆಯ ಹಾಜರಿ ಪುಸ್ತಕದ ವಿಷಯ ಕೇಳಿ ಅವಳು ಹಣೆ ಚಚ್ಚಿಕೊಂಡಳು. ಸಂಘದ ಪುಸ್ತಕದ ವಿಷಯ ಕೇಳಿದಾಗ ಮಾತ್ರ ಸಿಟ್ಟಿನ ನಡುವೆಯೇ ನಗು ನುಗ್ಗಿಬಂತು. ತಡೆದುಕೊಳ್ಳಲು ಸೆರಗು ಬಾಯಿಗಿಟ್ಟಳು, ಆಗಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಒರೆಸಿಕೊಂಡದ್ದರಲ್ಲಿ ಎಲ್ಲವೂ ನಗುವಿನ ನೀರಾಗಿರಲಿಲ್ಲ.

"ಕೈ ಮುರ್ಕೊಂಡಾಗ ಎರಡು ತಿಂಗಳು ನಿಮಗೆ ತುತ್ತು ಕಲಸಿ ಬಾಯಿಗಿಟ್ಟಿದ್ದು ಯಾರ್ರೀ? ನಾನು ತಾನೇ? ಒಂದು ಕಾಗದ ಓದೋಕೆ ಮಾತ್ರ ನಾನು ಬೇಡ್ವಾ?"

ಈ ಪ್ರಶ್ನೆ ಅಂಟಣ್ಣನಿಗೆ ಸರಿಯಾಗಿ ತಾಗಿತು. ರಟ್ಟು ಸೀಳುವ ಚಾಕು ತೆಗೆದು ಅವಳ ಕೈಗಿತ್ತ. ಅವಳು ಲಕೋಟೆ ಸೀಳಿ ಗಟ್ಟಿಯಾಗಿ ಓದಿದಳು. ಕೈಗೆ ಪೆಟ್ಟಾದ ವಿಷಯ ತಿಳಿಯಿತು, ಬೇಗ ಗುಣವಾಗಲಿ. ಆರು ತಿಂಗಳು ಅರ್ಧ ಕಂತು ಮಾತ್ರ ಕಟ್ಟಿ, ಬಾಕಿಯನ್ನು ಕೊನೆಗೆ ಸೇರಿಸಿಕೊಳ್ಳುತ್ತೇವೆ. ಒಪ್ಪಿಗೆಯಿದ್ದರೆ ಸಹಿ ಮಾಡಿ ಕಳುಹಿಸಿ.

"ಇನ್ನೊಂದ್ಸಲ ಓದು" ಎಂದ ಅಂಟಣ್ಣ. ಅವಳು ಓದಿದಳು. ಅವನು ಸ್ಟೂಲಿನ ಮೇಲೆ ಕುಸಿದು ಕೂತ, ಅದೇ ಸ್ಟೂಲಿನ ಮೇಲೆ.

"ಊಟ ಆಮೇಲೆ. ಏಳಿ, ಸಂಘಕ್ಕೆ ಹೋಗೋಣ" ಎಂದಳು.

ಸಂಘದ ಮ್ಯಾನೇಜರು ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ ಸಣಕಲು ಮನುಷ್ಯ. "ಬನ್ನಿ ಅಂಟಣ್ಣ, ನಾಡಿದ್ದು ನಾನೇ ನಿಮ್ಮಲ್ಲಿಗೆ ಬರೋದ್ರಲ್ಲಿದ್ದೆ. ಮೂರು ಕಾಗದ ಬರೆದ್ವಿ. ಹೂಂ ಇಲ್ಲ, ಉಹೂಂ ಇಲ್ಲ. ಕೊನೇದು ನೋಡಿದ್ರಿ ತಾನೇ?"

"ಅದು... ನಿಮ್ಮ ಹತ್ರಾನೇ ಇದೆ ಸ್ವಾಮಿ" ಎಂದ ಅಂಟಣ್ಣ.

ಬೀರುವಿನಿಂದ ನಡಾವಳಿ ಪುಸ್ತಕ ಬಂತು. ತಾನೇ ಕಟ್ಟಿದ ಅಂದವಾದ ಬೆನ್ನನ್ನು ಅಂಟಣ್ಣ ತಾನೇ ಸೀಳಿದ. ಒಳಗಿನಿಂದ ಸಂಘದ ಲಕೋಟೆ ಸಂಘದ ಮೇಜಿನ ಮೇಲೆ ಬಿತ್ತು. ಗುಮಾಸ್ತರೆಲ್ಲ ಕುರ್ಚಿ ಬಿಟ್ಟು ಎದ್ದು ಬಂದರು. ಮ್ಯಾನೇಜರು ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಅಂಚೆ ಖರ್ಚಾದ್ರೂ ಉಳಿಸಬಹುದಿತ್ತು" ಎಂದು ತಾವೇ ನಕ್ಕರು. ಆಮೇಲೆ ಒಡೆದು ಅವನ ಮುಂದಿಟ್ಟರು. ತಿಂಗಳ ಕೊನೆಯೊಳಗೆ ಉತ್ತರ ಬಾರದಿದ್ದರೆ ಯಂತ್ರವನ್ನು ವಾಪಸು ಪಡೆಯಬೇಕಾಗುತ್ತದೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ತಿಂಗಳು ಮುಗಿಯಲು ಎರಡು ದಿನ ಬಾಕಿ.

ಇಷ್ಟು ದಿನ ಅಂಟಣ್ಣ ಯಾವುದಕ್ಕೆ ಹೆದರಿ ಕಾಗದ ಬಚ್ಚಿಟ್ಟನೋ, ಬಚ್ಚಿಟ್ಟದ್ದರಿಂದಲೇ ಅದು ಬಾಗಿಲವರೆಗೆ ಬಂದು ನಿಂತಿತ್ತು. "ಒಟ್ಟು ಬಾಕಿ ಎಷ್ಟು ಸ್ವಾಮಿ?" ಎಂದು ಕೇಳಿದ.

"ಮೂರು ಕಂತು, ಆರು ಸಾವಿರ. ದಂಡ ನೂರಾ ಎಂಬತ್ತು."

"ಅಷ್ಟೇನಾ?"

"ಸಾಲದಾ?"

ಅರ್ಧ ಕಂತಿನ ಒಪ್ಪಿಗೆಗೆ ಅಂಟು ಮೆತ್ತಿದ ಬೆರಳಲ್ಲೇ ಸಹಿ ಮಾಡಿದ. ಪೆನ್ನು ಬೆರಳಿಗೆ ಅಂಟಿಕೊಂಡಿತು, ಹೆಂಡತಿ ಬಿಡಿಸಿಕೊಟ್ಟಳು. ಹಿಂದಿರುಗುವ ದಾರಿಯಲ್ಲಿ ಅವನಿಗೆ ಎಂಥ ಹಸಿವಾಯಿತೆಂದರೆ, ಕೋಣೆಗೆ ಬಂದವನೇ ಡಬ್ಬಿ ಬಿಚ್ಚಿ ತನ್ನ ಪಾಲಿನ ಊಟದ ಜೊತೆಗೆ ಅವಳ ಪಾಲಿನದರಲ್ಲೂ ಅರ್ಧ ಮುಗಿಸಿದ. ನಿಘಂಟಿನ ಗೂನನ್ನು ಆ ಸಂಜೆಯೇ ಬಿಟ್ಟಿಯಾಗಿ ತೆಗೆದುಕೊಟ್ಟ. ಶಾಲೆಯವರ ಹಾಜರಿ ಪುಸ್ತಕವನ್ನು ಮಾತ್ರ ಹಾಗೆಯೇ ಬಿಟ್ಟಿದ್ದಾನೆ. ಈಗ ಅದರೊಳಗಿನ ಕಾಗದಕ್ಕೆ ಹೆದರುವವರು ಯಾರೂ ಇಲ್ಲ.

ಅಲ್ಲಿಂದ ಮುಂದೆ ಶನಿವಾರ ಸಂಜೆ ಇಬ್ಬರೂ ಚಹಾ ಹಿಡಿದು ಬೈಂಡಿಂಗ್ ಮೇಜಿನ ಮುಂದೆ ಕೂರುತ್ತಾರೆ. ವಾರದ ಕಾಗದಗಳನ್ನು ಅವನು ಸೀಳುತ್ತಾನೆ, ಅವಳು ಓದುತ್ತಾಳೆ. ಎದೆಯುರಿಯ ಮಾತ್ರೆಯ ಪಟ್ಟಿ ಅರ್ಧಕ್ಕೇ ನಿಂತಿದೆ.

ಎರಡು ತಿಂಗಳ ಮೇಲೆ ಸಂಘದಿಂದ ಮತ್ತೊಂದು ಕಂದು ಲಕೋಟೆ ಬಂತು, ಹಿಂದಿನವಕ್ಕಿಂತ ದಪ್ಪ. ಕಂತು ಕಟ್ಟಿಯಾಗಿತ್ತು, ಆದರೂ ಅವನ ಕೈ ಹಳೆಯ ಚಾಳಿಯಂತೆ ಅಂಟಿನ ಡಬ್ಬಿಯ ಕಡೆ ಸರಿಯಿತು. ಎದುರಿಗೆ ಕೂತವಳು ಕೆಮ್ಮಿದಳು. ಅವನು ನಾಚಿಕೊಂಡು ಚಾಕು ತೆಗೆದುಕೊಂಡ.

ಒಳಗಿದ್ದದ್ದು ಕೆಲಸದ ಆರ್ಡರು. ಸಂಘದ ಎಲ್ಲ ಶಾಖೆಗಳ ಎಂಬತ್ತು ಪುಸ್ತಕಗಳನ್ನು ಅಂಟಣ್ಣನೇ ಕಟ್ಟಿಕೊಡಬೇಕು, ಮುಂಗಡ ಹಣವನ್ನು ಬಂದು ತೆಗೆದುಕೊಂಡು ಹೋಗಬೇಕು. ಕೆಳಗೆ ಮ್ಯಾನೇಜರು ತಮ್ಮ ಕೈಯಾರೆ ಒಂದು ಸಾಲು ಸೇರಿಸಿದ್ದರು. ಹೆಂಡತಿ ಅದನ್ನು ನಗು ತಡೆಯುತ್ತಾ ಓದಿದಳು:

"ಬೆನ್ನಿಗೆ ಹಾಕಲು ಬೇಕಾದ ಗಟ್ಟಿ ಕಾಗದವನ್ನು ಇದರ ಜೊತೆಗೇ ಇಟ್ಟಿದ್ದೇವೆ."