ಶಾಗ್ಯದವನ ‘ಏಳಿ’

ಕೊಳ್ಳೇಗಾಲದ ಬಸ್‌ಸ್ಟ್ಯಾಂಡ್ ಹಿಂದಿನ ಇಂಟರ್ನೆಟ್ ಸೆಂಟರಿನ ಯಶೋದ ಯಾರ ಮೇಲೂ ದನಿ ಏರಿಸಿದವಳಲ್ಲ. ಮಗ್ಗದ ಮನೆಯ ಮಗಳು. ಎಂಬತ್ತರ ದಶಕದಲ್ಲಿ ಟೈಪಿಂಗ್ ಕಲಿಯುವಾಗ, ಕೀಲಿಮಣೆ ನೋಡಿಕೊಂಡು ಒತ್ತಿದಳೆಂದು ಮೇಷ್ಟ್ರು ಬೆರಳ ಗೆಣ್ಣಿಗೆ ಸ್ಕೇಲಿನಲ್ಲಿ ಬಾರಿಸಿದ್ದರು. ಮುಂದೆ ತಾನೇ ಕಲಿಸಲು ಕೂತಾಗ ಅವಳು ಸ್ಕೇಲನ್ನು ಕೈಗೇ ತೆಗೆದುಕೊಳ್ಳಲಿಲ್ಲ.

2003ರಲ್ಲಿ ರೇಷ್ಮೆ ಬೆಳೆಗಾರರದೊಂದು ಈಮೇಲ್ ಬಳಗವಿತ್ತು, ಹೆಸರು ‘ಹುಳುಮನೆ’. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಒಬ್ಬರು ಕಳಿಸಿದರೆ ಎಲ್ಲರಿಗೂ ತಲುಪುತ್ತಿತ್ತು. ನಡೆಸುತ್ತಿದ್ದವರು ಮೈಸೂರಿನ ನಿರಂಜನ್ ಮತ್ತು ಯಶೋದ. ನಿಯಮ ಬರೆಯುವುದು ಅವನು, ಹೊಸಬರಿಗೆ ಬಿಡಿಸಿ ಹೇಳುವುದು ಇವಳು.

ಒಂದು ಮಳೆಗಾಲದ ಬೆಳಿಗ್ಗೆ ಹತ್ತಿರದ ಶಾಗ್ಯ ಹಳ್ಳಿಯ ಬೆಳೆಗಾರ ಪುಟ್ಟಮಲ್ಲಪ್ಪ ಬಸ್ಸಿಳಿದು ನೇರ ಸೆಂಟರಿಗೆ ಬಂದ. ವಾರದ ಕೆಳಗಷ್ಟೇ ಯಶೋದ ಅವನನ್ನು ಬಳಗಕ್ಕೆ ಸೇರಿಸಿದ್ದಳು. ಕ್ಯಾಪ್ಸ್ ಲಾಕ್ ಒತ್ತಿ, ಒಂದೇ ಬೆರಳಿನಲ್ಲಿ ತಾನೇ ಬರೆದ: “ಪೊರೆ ಬಿಡಕ್ಕೆ ಕೂತ ಹುಳ ಎದ್ದಿಲ್ಲ. ಏನ್ ಮಾಡ್ಬೇಕು, ಎಲ್ಲಾರೂ ಏಳಿ.” ಪೂರ್ತಿ ದೊಡ್ಡಕ್ಷರ. ಹೋಯಿತೋ ಇಲ್ಲವೋ ಎಂದು ಕಳಿಸುವ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದ.

ಶಾಗ್ಯದಲ್ಲಿ ‘ಹೇಳಿ’ಯ ಹಕಾರ ಯಾರ ಬಾಯಲ್ಲೂ ನಿಲ್ಲುವುದಿಲ್ಲ. ಬಳಗದ ಓದಿದ ಮಂದಿಗೆ ಅದು ‘ಎದ್ದು ನಿಲ್ಲಿ’ ಎಂಬ ಅಪ್ಪಣೆಯಾಗಿ ಕಂಡಿತು.

“ಕೂಗಾಡಬೇಡಿ. ಯಾರಿಗೆ ಏಳಿ ಅನ್ನುತ್ತಿದ್ದೀರಿ? ಹಳೆಯ ಪತ್ರಗಳನ್ನು ಓದಿಕೊಂಡು ಬನ್ನಿ,” ಎಂದು ಮೈಸೂರಿನಿಂದ ಬರೆದ ನಿರಂಜನ್. “ಎದ್ದೆವು ಸ್ವಾಮಿ, ರಾಷ್ಟ್ರಗೀತೆ ಶುರು ಮಾಡಿ,” ಎಂದ ಇನ್ನೊಬ್ಬ. ಹಿಂದೆಯೇ ನಗುವಿನ ಸಾಲು.

“ನಾನ್ಯಾವಾಗವ್ವ ಕೂಗ್ದೆ? ಬಾಯೇ ಬುಟ್ಟಿಲ್ವಲ್ಲ!” ಎಂದ ಪುಟ್ಟಮಲ್ಲಪ್ಪ, ಯಶೋದಳ ಕಡೆ ತಿರುಗಿ.

“ಇಲ್ಲಿ ದೊಡ್ಡಕ್ಷರದಲ್ಲಿ ಬರುದ್ರೆ ಕೂಗ್ದಂಗೆ ಕಣಣ್ಣ.”

“ನಂಗೆ ಕಣ್ಣು ಮಂಜು. ದೊಡ್ಡದಾಗಿದ್ರೆ ಅವ್ರ್ಗೂ ಚೆಂದಾಗ್ ಕಾಣ್ತದೆ ಅಂತ ಮಾಡ್ದೆ.”

ಯಶೋದ ಬಳಗಕ್ಕೆ ಬರೆದಳು: ಅದು ಏಳಿ ಅಲ್ಲ, ಹೇಳಿ, ಅವರು ಹೊಸಬರು, ಹುಳು ಸಾಯುತ್ತಿದೆ, ದಯವಿಟ್ಟು ಉತ್ತರ ಕೊಡಿ. ಅಷ್ಟರಲ್ಲಿ ನಿರಂಜನ್ ಪುಟ್ಟಮಲ್ಲಪ್ಪನನ್ನು ಬಳಗದಿಂದ ತೆಗೆದಾಗಿತ್ತು. ಅವಳು ಮತ್ತೆ ಸೇರಿಸಿದಳು. ಅವನು ಮತ್ತೆ ತೆಗೆದ. ಆಮೇಲೆ ಚರ್ಚೆ ಶುರುವಾಯಿತು. ಯಾವುದರ ಮೇಲೆ? ಹುಳುವಿನ ಮೇಲಲ್ಲ, ಶಿಸ್ತಿನ ಮೇಲೆ! ಗೊತ್ತಿದ್ದವರು ಬಳಗದ ತುಂಬ ಇದ್ದರು. ಒಂದು ಸಾಲು ಸಾಕಿತ್ತು. ಆ ಮಹನೀಯರು ಏಳಲೂ ಇಲ್ಲ, ಹೇಳಲೂ ಇಲ್ಲ. ಇದಕ್ಕೆ ಸಭ್ಯತೆ ಎಂದು ಹೆಸರಿಡುವವರ ನಾಲಿಗೆಗೆ ನಾಚಿಕೆ ಬೇಡವೇ?

ಎರಡು ದಿನ ಕಳೆದು ಸತ್ತೇಗಾಲದ ಒಬ್ಬರು ಬರೆದರು: ಸುಣ್ಣದ ಪುಡಿ ಉದುರಿಸಿ, ಎಲ್ಲ ಹುಳು ಏಳುವವರೆಗೂ ಸೊಪ್ಪು ಹಾಕಬೇಡಿ. ಉತ್ತರ ಬಂತೇ ಎಂದು ಕೇಳಲು ಬಂದ ಪುಟ್ಟಮಲ್ಲಪ್ಪನಿಗೆ ಯಶೋದ ಓದಿ ಹೇಳಿದಳು.

“ಒತ್ತಾರೆನೇ ಎಲ್ಲಾ ಹುಳಾನೂ ತಿಪ್ಪೆಗಾಕ್ಬುಟ್ಟೆ ಕಣವ್ವ,” ಎಂದು ಅವನು ಟವೆಲಿನಿಂದ ಮುಖ ಒರೆಸಿಕೊಂಡ. “ಪಸ್ಟೇ ಮೆಲ್ಲಗೆ ಕೇಳಿದ್ರೆ ಏಳೋರೇನೋ.”

ಹುಳು ತಿಪ್ಪೆ ಸೇರಿತೆಂದು ಯಶೋದ ಬಳಗಕ್ಕೆ ತಿಳಿಸಿದಳು. ಕೂಡಲೇ ನಿರಂಜನನ ಪತ್ರ ಬಂತು: “ಮೊದಲೇ ಸರಿಯಾಗಿ ಕೇಳಿದ್ದರೆ ಹುಳು ಉಳಿಯುತ್ತಿತ್ತು. ಎಲ್ಲರಿಗೂ ಇದು ಪಾಠ.”

ಯಶೋದ ಕ್ಯಾಪ್ಸ್ ಲಾಕ್ ಒತ್ತಿದಳು. “ನಿರಂಜನ್, ಹೊಸಬರನ್ನು ತಾಳಿಕೊಳ್ಳಲು ಆಗದಿದ್ದರೆ ಆ ಕುರ್ಚಿಯಿಂದ ಏಳಿ.” ಪೂರ್ತಿ ದೊಡ್ಡಕ್ಷರ. ಬಳಗಕ್ಕೆಲ್ಲ ಹೋಯಿತು.

ಪರದೆಗೆ ಮುಖ ಹತ್ತಿರ ತಂದು ಓದಿದ ಪುಟ್ಟಮಲ್ಲಪ್ಪ ಗಾಬರಿಯಾದ.

“ಅಯ್ಯೋ, ನೀನೂ ಕೂಗ್ಬುಟ್ಟಲ್ಲವ್ವ!”

“ಊಂ ಕಣಣ್ಣ. ಈಗ ಕೂಗ್ದೆ.”